ಅಪ್‌ಡೇಟ್: √72 ಲೆಕ್ಕ ಕೊನೆಗೂ ಬಗೆಹರಿಯಿತು

√72 ಅನ್ನು ಸರಳ ರೂಪಕ್ಕೆ ತರುವ ಲೆಕ್ಕದಲ್ಲಿ ಮಗಳಿಗೆ 3√8 ಬಂದಿತ್ತು, ಪುಸ್ತಕದಲ್ಲಿ 6√2 ಇತ್ತು. ಯಾವುದು ಸರಿ ಅಂತ ಕೇಳಿದ್ದೆ, ಅಲ್ವಾ? ನಿಮ್ಮ ಉತ್ತರಗಳಿಂದ ತಿಳಿಯಿತು. 3√8 ತಪ್ಪಲ್ಲ, ಅರ್ಧದಲ್ಲಿ ನಿಂತಿದೆ ಅಷ್ಟೇ. 8ರ ಒಳಗೆ ಇನ್ನೂ ಒಂದು 4 ಕೂತಿದೆ. ಅದು 2 ಆಗಿ ಹೊರಗೆ ಬಂದರೆ 3×2, ಅಂದರೆ 6√2. ಮೊದಲೇ 36×2 ಅಂತ ಒಡೆದಿದ್ದರೆ ಒಂದೇ ಹೆಜ್ಜೆ!

ನಿನ್ನೆ ರಾತ್ರಿ √180 ಕೊಟ್ಟೆ. 2×2×3×3×5 ಅಂತ ಬರೆದು, ಜೋಡಿ ಮಾಡಿ, 6√5 ತಂದಳು. ಅವಳ ಮುಖ ನೋಡಬೇಕಿತ್ತು.

ಸಂಖ್ಯೆಯ ಕೊನೆಯ ಅಂಕಿ 2, 3, 7, 8 ಇದ್ದರೆ ಅದು ಪೂರ್ಣ ವರ್ಗವೇ (ಒಂದು ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವ ಸಂಖ್ಯೆ) ಅಲ್ಲ ಎಂಬ ಸುಳಿವು ತುಂಬಾ ಉಪಯೋಗವಾಯಿತು. ಆದರೆ 6 ಇದ್ದ ಮಾತ್ರಕ್ಕೆ ಪೂರ್ಣ ವರ್ಗ ಅನ್ನುವಂತಿಲ್ಲ: 196 ಹೌದು, 186 ಅಲ್ಲ. ಈಗ 20ರವರೆಗಿನ ವರ್ಗಗಳನ್ನು ಮಗ್ಗಿಯ ಹಾಗೆ ಹೇಳುತ್ತಿದ್ದಾಳೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.