ಸಹಾಯ ಬೇಕು: ಅಪ್ಪನ ಹಾಡಿನ ಪೆಟ್ಟಿಗೆಯ ಬಟನ್ ದೀಪ ಎಲ್ಲಾ ಹತ್ತಿದರೆ ಮಂಕಾಗುತ್ತೆ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಅಪ್ಪನಿಗೆ ಕಣ್ಣು ಮಂಜಾಗಿ ಮೌಸ್ ಹಿಡಿದು ಹಾಡು ಹುಡುಕೋಕೆ ಆಗಲ್ಲ. ಅವರಿಗಾಗಿ ಹಳೇ ಕಂಪ್ಯೂಟರಿಗೆ 12 ದೊಡ್ಡ ಬಟನ್‌ಗಳ ಪೆಟ್ಟಿಗೆ ಮಾಡ್ತಿದ್ದೀನಿ. ಪ್ರತಿ ಬಟನ್ ಒಳಗೂ ಎಲ್‌ಇಡಿ ಇದೆ. ಹಲಸಿನ ಹಲಗೆಗೆ ತೂತು ಕೊರೆದಾಗಿದೆ. ಅಪ್ಪ ದಿನಾ ಸಂಜೆ ಬಂದು ಒಂದೊಂದೇ ಒತ್ತಿ ನೋಡಿ ಹೋಗ್ತಾರೆ, ಅದಕ್ಕೇ ಬೇಗ ಮುಗಿಸಬೇಕು.

ಬಟನ್‌ಗಳನ್ನು ಕಂಪ್ಯೂಟರಿಗೆ ಜೋಡಿಸೋ ಪುಟ್ಟ ಬೋರ್ಡ್ ಪ್ರೊ ಮೈಕ್ರೋ. ಅದರ ಎಟಿಮೆಗಾ32ಯು4 ಚಿಪ್ಪನ್ನು ಕಂಪ್ಯೂಟರ್ ಕೀಬೋರ್ಡ್ ಅಂತಲೇ ತಿಳಿಯುತ್ತೆ, ಬಟನ್ ಭಾಗ ಚೆನ್ನಾಗಿದೆ. ಒಂದೇ ಒತ್ತಿಗೆ ಎರಡು ಹಾಡು ದಾಟ್ತಿತ್ತು, ಪ್ರೋಗ್ರಾಮಿನಲ್ಲಿ 20 ಮಿಲಿಸೆಕೆಂಡ್ ತಡೆ ಹಾಕಿದ ಮೇಲೆ ನಿಂತಿತು. 12 ಬಟನ್, 12 ದೀಪ ಸೇರಿ 24 ತಂತಿಗೆ ಬೋರ್ಡಿನ ಪಿನ್ ಸಾಲದೆ, ದೀಪಗಳನ್ನು ಎರಡು 74ಎಚ್‌ಸಿ595 (ಕೆಲವೇ ಪಿನ್‌ನಿಂದ ಹಲವು ದೀಪ ನಡೆಸೋ ಚಿಪ್) ಮೂಲಕ ಕೊಟ್ಟಿದ್ದೀನಿ.

ತೊಂದರೆ ಇಲ್ಲೇ. ಎರಡು ಮೂರು ದೀಪ ಹತ್ತಿದರೆ ಸರಿ. ಹನ್ನೆರಡೂ ಹತ್ತಿದ ಕೂಡಲೇ ಮಂಕಾಗಿ, ಬೋರ್ಡ್ ಕಂಪ್ಯೂಟರಿನಿಂದ ಕಳಚಿ ಮತ್ತೆ ಸೇರಿಕೊಳ್ಳುತ್ತೆ. ಒಂದಕ್ಕೆ 20 ಮಿಲಿಆಂಪ್ ಅಂದ್ರೂ 240 ಆಯ್ತು, ಒಂದೊಂದು 595 ಚಿಪ್ಪಿನ ಮಿತಿ ಒಟ್ಟು 70. ಹಾಗಾಗಿ ಎರಡು ಯುಎಲ್‌ಎನ್2803 (ಹೆಚ್ಚು ಕರೆಂಟ್ ತಡೆಯೋ ಚಿಪ್) ಹಾಕಿ, ದೀಪಕ್ಕೆ ಬೇರೆ 5 ವೋಲ್ಟ್ ಅಡಾಪ್ಟರ್ ಕೊಡೋಣ ಅಂತಿದ್ದೀನಿ. ಬೋರ್ಡ್, ಅಡಾಪ್ಟರ್ ಎರಡರ ಗ್ರೌಂಡ್ (ಮೈನಸ್ ತಂತಿ) ಮಾತ್ರ ಒಂದು ಮಾಡಿದರೆ ಸಾಕಾ? ಪ್ರತಿ ಚಿಪ್ಪಿನ ಪಕ್ಕ ಕೆಪಾಸಿಟರ್ ಎಷ್ಟರದ್ದು ಹಾಕ್ತೀರಿ?

ಇನ್ನೊಂದು, ಇಲ್ಲಿನ ಮಳೆಗಾಲದ ತೇವಕ್ಕೆ ಬೆಸುಗೆ ಹಾಕಿದ ಜಾಗ ಹಸಿರು ಕಟ್ಟುತ್ತೆ. ಅದಕ್ಕೆ ಏನು ಬಳಿಯುತ್ತೀರಿ? ಕುಶಾಲನಗರ, ಮೈಸೂರು ಕಡೆ ಯುಎಲ್‌ಎನ್2803 ಚಿಪ್ ಎಲ್ಲಿ ಸಿಗುತ್ತೆ ಅಂತಲೂ ಗೊತ್ತಿದ್ದವರು ದಯವಿಟ್ಟು ತಿಳಿಸಿ.