ಅಪ್‌ಡೇಟ್: ಕಲ್ಲಿಗೆ ತಗುಲಿ ನಿಂತಿದ್ದ ಅರ್ಥಿಂಗ್ ರಾಡ್ ಕೊನೆಗೂ ಇಳಿಯಿತು

8 ಅಡಿಯ ಅರ್ಥಿಂಗ್ ರಾಡ್ (ಸೋರಿದ ಕರೆಂಟನ್ನು ನೆಲಕ್ಕೆ ಹರಿಸಲು ಮಣ್ಣಿಗೆ ಹೊಡೆಯುವ ಲೋಹದ ಸರಳು) 3 ಅಡಿಗೇ ನಿಂತುಬಿಟ್ಟಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಕೆಲಸ ಮುಗಿಯಿತು. ನೀರು ಹಾಕಿ ಹೊಡೆದದ್ದು ಫಲ ಕೊಡಲಿಲ್ಲ, ಸುಮ್ನೆ ರಾಡ್‌ನ ತಲೆ ಚಪ್ಪಟೆಯಾಯಿತು. ಪಕ್ಕದಲ್ಲೇ ಇನ್ನೊಂದು ಕಡೆ ಹೊಡೆದರೂ ಅದೇ ಬಂಡೆ. ಓರೆಯಾಗಿ ಇಳಿಸಿ, ಆದರೆ 45 ಡಿಗ್ರಿಗಿಂತ ಜಾಸ್ತಿ ವಾಲಿಸಬೇಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಪೂರ್ತಿ ಇಳಿಯಿತು! ಸಿಕ್ಕಿಕೊಂಡಾಗ ಮೇಲೆ ಉಳಿದಿದ್ದ ಭಾಗವನ್ನು ಕತ್ತರಿಸಲಿಲ್ಲ, ಒಳ್ಳೆಯದೇ ಆಯಿತು. ರಾಡ್‌ಗೆ ಆಳದ ತೇವದ ಮಣ್ಣು ಸಿಗಬೇಕು.

ಎಲೆಕ್ಟ್ರಿಷಿಯನ್ ಅರ್ಥಿಂಗ್‌ನ ರೋಧ (ಕಡಿಮೆ ಇದ್ದಷ್ಟೂ ಒಳ್ಳೆಯದು) ಅಳೆದಾಗ 38 ಓಮ್ ಬಂತು. ಎರಡನೇ ರಾಡ್ ಹಾಕಿ, ತಾಮ್ರದ ತಂತಿಯಿಂದ ಸೇರಿಸಿದ ಮೇಲೆ 21. ನನಗೆ ಹೊಸದಾಗಿ ಗೊತ್ತಾದದ್ದು: ರಾಡ್‌ಗಳು ತೀರಾ ಹತ್ತಿರ ಇದ್ದರೆ ಎರಡಕ್ಕೂ ಒಂದೇ ಮಣ್ಣು, ಲಾಭ ಕಡಿಮೆ. ಕನಿಷ್ಠ ಒಂದು ರಾಡ್‌ನ ಉದ್ದದಷ್ಟು ಅಂತರ ಬಿಡಿ. ಹೊಡೆಯುವ ಮೊದಲು ನೆಲದಡಿಯ ಪೈಪು, ಕೇಬಲ್ ಎಲ್ಲಿವೆ ಅಂತ ದಯವಿಟ್ಟು ನೋಡಿಕೊಳ್ಳಿ.