ಅಪ್‌ಡೇಟ್: ಮೇಯ್‌ಗಾನ್ ತ್ಸಾಯ್ ಹಾಕಿದ ಪೋರ್ಕ್ ಫ್ರೈ

ಮೇಯ್‌ಗಾನ್ ತ್ಸಾಯ್, ಅಂದರೆ ಚೀನಾದ ಶಾವೋಶಿಂಗ್ ಕಡೆಯ ಉಪ್ಪು ಹಾಕಿ ಒಣಗಿಸಿದ ಸಾಸಿವೆ ಸೊಪ್ಪಿನ ಪೊಟ್ಟಣ ಸಿಕ್ಕಿದೆ, ಮರಳು ಮತ್ತು ಉಪ್ಪು ತೆಗೆಯುವುದು ಹೇಗೆ, ಪೋರ್ಕ್ ಜೊತೆ ಹೇಗೆ ಹುರಿಯುವುದು ಅಂತ ಕೇಳಿದ್ದೆ. ಮಾಡಿ ಆಯ್ತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಸೊಪ್ಪನ್ನು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ನೀರು ಬಗ್ಗಿಸದೆ ಸೊಪ್ಪನ್ನೇ ಕೈಯಿಂದ ಮೇಲೆತ್ತಿ ಅಂದಿದ್ದರಲ್ಲ, ಅದೇ ಮುಖ್ಯ. ಮರಳು ಪಾತ್ರೆಯ ತಳದಲ್ಲೇ ಉಳಿಯಿತು. ನೀರು ತಿಳಿಯಾಗುವ ತನಕ ತೊಳೆದು, ಗಟ್ಟಿಯಾಗಿ ಹಿಂಡಿ, ಸಣ್ಣಗೆ ಹೆಚ್ಚಿದೆ. ಆಮೇಲೆ ಎಣ್ಣೆಯಿಲ್ಲದ ಬಾಣಲೆಯಲ್ಲಿ ಪಸೆ ಆರುವವರೆಗೆ ಹುರಿದೆ. ಆಗ ಬರುವ ಘಮ ಇದೆಯಲ್ಲ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಈ ಹಂತ ಬಿಡಲೇಬೇಡಿ.

ಕೊಬ್ಬಿರುವ ಹೊಟ್ಟೆಭಾಗದ ಮಾಂಸವನ್ನು ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಇಟ್ಟೆ. ಕೊಬ್ಬು ಕರಗಿ, ಅಂಚು ಕೆಂಪಗಾಗಿ ಮುದುರಿತು. ಬೇರೆ ಎಣ್ಣೆ ಬೇಕಾಗಲಿಲ್ಲ. ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಶಾವೋಶಿಂಗ್ ವೈನ್ (ಅಡುಗೆಗೆ ಹಾಕುವ ಅಕ್ಕಿ ವೈನ್), ಚಿಟಿಕೆ ಸಕ್ಕರೆ, ಒಂದು ಚಮಚ ಸೋಯಾ ಸಾಸ್. ಕೊನೆಗೆ ಸೊಪ್ಪು ಸೇರಿಸಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿಟ್ಟೆ. ಸೊಪ್ಪು ಜಿಡ್ಡನ್ನೆಲ್ಲ ಹೀರಿಕೊಂಡು ಮಿರಮಿರ ಮಿಂಚಿತು.

ಉಪ್ಪು ಚೂರೂ ಹಾಕಲಿಲ್ಲ. ಆದರೂ ಸಪ್ಪೆ ಅನ್ನಿಸಲಿಲ್ಲ. ಬರೀ ಬಿಳಿ ಅನ್ನದ ಜೊತೆ ಸಾಕು, ಸಾರು ಬೇಡ.

ಮಾರನೇ ದಿನ ಬಿಸಿ ಮಾಡಿದಾಗ ರುಚಿ ಇನ್ನೂ ಜಾಸ್ತಿ! ಉಳಿದ ಸೊಪ್ಪಿನ ಜೊತೆ ಪೋರ್ಕನ್ನು ದಕ್ಷಿಣ ಚೀನಾದ ಹಕ್ಕಾ ಜನರ ಹಾಗೆ ಆವಿಯಲ್ಲಿ ಬೇಯಿಸೋಣ ಅಂತಿದ್ದೇನೆ. ಇಡ್ಲಿ ಪಾತ್ರೆ ಸಾಕಲ್ವಾ?